ಪಾವಗಡದ ನೀರು ಕುಡಿದ ಮೂಳೆ: ಎಕ್ಸ್‌ರೇಯಿಂದ ಎಂಆರ್‌ಐವರೆಗೆ

ಕತ್ತು ತಿರುಗಿಸಲು ಆಗುವುದಿಲ್ಲ, ನೆಲದ ಮೇಲೆ ಕೂತರೆ ಏಳಲು ಆಗುವುದಿಲ್ಲ, ಕಾಲು ಜೋಮು ಹಿಡಿಯುತ್ತದೆ. ಐವತ್ತು ದಾಟಿದ ರೈತರೊಬ್ಬರು ಪಾವಗಡ ಅಥವಾ ಬಾಗೇಪಲ್ಲಿ ಕಡೆಯಿಂದ ಈ ದೂರು ಹೊತ್ತು ಬಂದರೆ ಮೊದಲು ಬರಬೇಕಾದ ಅನುಮಾನ ಫ್ಲೋರೋಸಿಸ್. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ನಮ್ಮ ಬಯಲುಸೀಮೆಯ ಆಳದ ಬೋರ್‌ವೆಲ್‌ಗಳು ಈ ಮಿತಿಯನ್ನು ಎಷ್ಟೋ ಕಡೆ ಮೀರಿವೆ. ವರ್ಷಗಟ್ಟಲೆ ಅದೇ ನೀರು ಕುಡಿದವರ ಮೂಳೆಯಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತದೆ. ಮೂಳೆ ದಟ್ಟವಾಗುತ್ತದೆ, ಅದನ್ನು ಕಟ್ಟಿಹಿಡಿದ ಅಸ್ಥಿರಜ್ಜುಗಳಲ್ಲೂ ಸುಣ್ಣ ಕೂರುತ್ತದೆ.

ಮನೆಯವರ ಪ್ರಶ್ನೆ ಒಂದೇ: "ಸಾರ್, ಎಕ್ಸ್‌ರೇ ಯಾಕೆ, ನೇರ ಎಂಆರ್‌ಐ ಮಾಡಿಸಿಬಿಡೋಣ್ವಾ?" ಎಕ್ಸ್‌ರೇ ಚಿಕ್ಕದು, ಸಿಟಿ ಅದಕ್ಕಿಂತ ದೊಡ್ಡದು, ಎಂಆರ್‌ಐ ಎಲ್ಲಕ್ಕಿಂತ ದೊಡ್ಡದು ಎಂಬ ಲೆಕ್ಕ ಬಿಲ್ಲಿನ ಮಟ್ಟಿಗೆ ಸರಿ. ಮೂಳೆಯ ಮಟ್ಟಿಗೆ ಪೂರಾ ತಪ್ಪು. ಸಿಟಿ ಬಳಸುವುದೂ ಎಕ್ಸ್‌ರೇಯನ್ನೇ, ಎಂಆರ್‌ಐ ಕೆಲಸ ಮಾಡುವುದು ವಿದ್ಯುತ್ಕಾಂತೀಯ ರೋಹಿತದ (ರೇಡಿಯೋದಿಂದ ಬೆಳಕು, ಗಾಮಾವರೆಗಿನ ಅಲೆಗಳ ಸಾಲು) ಬೇರೆಯೇ ಜಾಗದಲ್ಲಿ. ಒಂದಕ್ಕೆ ಕಾಣುವುದು ಇನ್ನೊಂದಕ್ಕೆ ಕಾಣುವುದೇ ಇಲ್ಲ.

ಪಾವಗಡ ಈಗ ಸೋಲಾರ್ ಪಾರ್ಕಿಗೆ ಹೆಸರುವಾಸಿ. ಅಲ್ಲಿನ ಫಲಕಗಳು ಹಿಡಿಯುವ ಬೆಳಕಿನಿಂದ ಮಾತ್ರ ದೇಹದೊಳಗಿನ ಚಿತ್ರ ತೆಗೆಯಲು ಬರುವುದಿಲ್ಲ, ಅದು ಚರ್ಮದಡಿ ಕೆಲವೇ ಮಿಲಿಮೀಟರಿನಲ್ಲಿ ಚದುರಿಹೋಗುತ್ತದೆ. ದೇಹವನ್ನು ಹಾದುಹೋಗುವ ಅಲೆಗಳು ರೋಹಿತದ ಎರಡು ತುದಿಗಳಲ್ಲಿವೆ. ಒಂದು ಕಡೆ ಎಕ್ಸ್‌ರೇ ಮತ್ತು ಗಾಮಾ, 60 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎಕ್ಸ್‌ರೇಗೆ ತರಂಗದೂರ 0.02 ನ್ಯಾನೋಮೀಟರ್. ಇನ್ನೊಂದು ಕಡೆ ರೇಡಿಯೋ, ಎಂಆರ್‌ಐ ಬಳಸುವ ಅಲೆಗೆ ಗಾಳಿಯಲ್ಲಿ ಸುಮಾರು 4.7 ಮೀಟರ್. ಭೌತವಿಜ್ಞಾನಿ ರಾಂಟ್ಜನ್ 1895ರ ನವೆಂಬರ್ 8ರಂದು ಕಂಡ ಎಕ್ಸ್‌ರೇ ಬೆಳಕಿನ ಜಾತಿಯ ಅಲೆಯೇ ಎಂದು ಗಟ್ಟಿಯಾಗಿದ್ದು 1912ರಲ್ಲಿ, ಇನ್ನೊಬ್ಬ ಭೌತವಿಜ್ಞಾನಿ ಲೌವೆಯ ಹರಳಿನ ಪ್ರಯೋಗದಿಂದ. ಅಲ್ಲಿಂದ ಮುಂದೆ ಪ್ರಶ್ನೆ ಬರೀ ಕಿರಣ ಹಾಯಿಸುವುದಾಗಿ ಉಳಿಯಲಿಲ್ಲ, ಎಷ್ಟು ಶಕ್ತಿಯ ಕಿರಣ ಹಾಯಿಸಬೇಕು ಎಂದಾಯಿತು.

ಆ ಆಯ್ಕೆ ಎಕ್ಸ್‌ರೇ ಯಂತ್ರದ ಪ್ಯಾನೆಲ್ ಮೇಲಿನ ಕೆವಿ (ಕಿಲೋವೋಲ್ಟ್) ಗುಂಡಿಯಲ್ಲಿದೆ. 70 ಕೆವಿ ಎಂದಿಟ್ಟರೆ ಹೊರಬರುವ ಫೋಟಾನುಗಳ (ಕಿರಣದ ಕಣಗಳ) ಗರಿಷ್ಠ ಶಕ್ತಿ 70 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್), ಸರಾಸರಿ ಅದರ ಅರ್ಧದ ಆಸುಪಾಸು. ಈ ಮಟ್ಟದಲ್ಲಿ ಮೂಳೆಯೊಳಗೆ ದ್ಯುತಿವಿದ್ಯುತ್ ಹೀರಿಕೆಯ, ಅಂದರೆ ಪರಮಾಣು ಫೋಟಾನನ್ನು ಪೂರ್ತಿ ನುಂಗುವುದರ, ಕೈ ಮೇಲು. ಅದು ಪರಮಾಣು ಸಂಖ್ಯೆಯ ಘನದಷ್ಟು ಏರುತ್ತದೆ, ಶಕ್ತಿಯ ಘನದಷ್ಟು ಇಳಿಯುತ್ತದೆ. ಕ್ಯಾಲ್ಸಿಯಂ 20, ಮಾಂಸಖಂಡ ಸರಾಸರಿ 7.4. ಹಾಗಾಗಿ ಕಡಿಮೆ ಕೆವಿಯಲ್ಲಿ ಸುಣ್ಣ ಎದ್ದು ಕಾಣುತ್ತದೆ. 110-120 ಕೆವಿಗೆ ಏರಿಸಿದರೆ ಚದುರುವಿಕೆ ಮುಂದಾಗಿ ಪಕ್ಕೆಲುಬು ಮಸುಕಾಗುತ್ತದೆ, ಹಿಂದಿನ ಶ್ವಾಸಕೋಶ ತೆರೆದುಕೊಳ್ಳುತ್ತದೆ. ಕೆಜಿಎಫ್ ಗಣಿಯಲ್ಲಿ ದುಡಿದವರ ಎದೆಯಲ್ಲಿ ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗ) ಹುಡುಕುವಾಗ ಬೇಕಾದ್ದು ಇದೇ ಹೆಚ್ಚಿನ ಕೆವಿ, ಜೊತೆಗೆ ಗ್ರಿಡ್ (ಚದುರಿದ ಕಿರಣ ತಡೆಯುವ ಜಾಲರಿ). ಫ್ಲೋರೋಸಿಸ್‌ಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ.

ಫ್ಲೋರೋಸಿಸ್‌ಗೆ ಅತಿ ಅಗ್ಗದ, ಅತಿ ಉಪಯುಕ್ತ ಚಿತ್ರ ಮುಂಗೈಯದು. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕೂತು, ಮೂಳೆಯ ಅಂಚಿನಿಂದ ಮುಳ್ಳು ಮುಳ್ಳಾಗಿ ಚಾಚಿಕೊಂಡಿರುತ್ತದೆ. 52-55 ಕೆವಿ, 3-4 ಎಂಎಎಸ್ (ಹಾಯಿಸುವ ಕಿರಣದ ಪ್ರಮಾಣ), ಟ್ಯೂಬಿನಿಂದ ಕ್ಯಾಸೆಟ್ಟಿಗೆ 100 ಸೆಂಟಿಮೀಟರ್, ಗ್ರಿಡ್ ಬೇಡ. ಮಣಿಕಟ್ಟು, ಮೊಣಕೈ ಎರಡೂ ಚೌಕಟ್ಟಿನೊಳಗಿರಲಿ. ಕೆಡುವುದು ಒಂದೇ ಕಡೆ: ಅವಸರದಲ್ಲಿ ಅಂಗೈ ಕೆಳಗೆ ಮಾಡಿಸಿ ತೆಗೆದುಬಿಡುತ್ತಾರೆ. ಹಾಗೆ ಮಾಡಿದರೆ ಒಂದು ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ, ನೋಡಬೇಕಾದ ನಡುವಿನ ಜಾಗವೇ ಮುಚ್ಚಿಹೋಗುತ್ತದೆ. "ತಾತ, ಅಂಗೈ ಆಕಾಶ ನೋಡ್ಲಿ" ಎಂದರೆ ಸಾಕು, ಅರ್ಥವಾಗುತ್ತದೆ. ಕೈ ಪೂರ್ತಿ ನೀಡಲು ಬಾರದಿದ್ದರೆ ಮೊಣಕೈ ಬಗ್ಗಿದ್ದರೂ ನಡೆಯುತ್ತದೆ, ಮುಂಗೈ ಮಾತ್ರ ಕ್ಯಾಸೆಟ್ಟಿಗೆ ಅಂಟಿರಬೇಕು.

ಎರಡನೆಯದು ಸೊಂಟ. ಸಾಮಾನ್ಯರಿಗೆ ಗ್ರಿಡ್ ಹಾಕಿ 70 ಕೆವಿ ಸಾಕು, ಇವರ ದಟ್ಟ ಮೂಳೆಗೆ 80 ಬೇಕಾಗಬಹುದು. ಕೆವಿಯನ್ನು ಶೇಕಡಾ 15 ಏರಿಸಿದರೆ ಎಂಎಎಸ್ ಎರಡು ಪಟ್ಟು ಮಾಡಿದಷ್ಟೇ ಕಪ್ಪು ಬರುತ್ತದೆ, ಆದ್ದರಿಂದ ಅತಿಯಾಗಿ ಏರಿಸಬೇಡಿ. ಚಿತ್ರಕ್ಕೆ ಮೊದಲು ಉಡಿದಾರ, ಅದಕ್ಕೆ ಕಟ್ಟಿದ ತಾಯತ ಬಿಚ್ಚಿಸಿ. ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯ ಮೇಲೇ ಬಂದು ಕೂರುವ ತಾಯತ ಸುಣ್ಣದ ಗಂಟಿನಂತೆಯೇ ಕಾಣುತ್ತದೆ. ಎದೆಯ ಚಿತ್ರದಲ್ಲಿ ಎಣ್ಣೆ ಹಚ್ಚಿದ ಜಡೆ ಭುಜದ ಮೇಲೆ ಬಿದ್ದು ಶ್ವಾಸಕೋಶದ ತುದಿಯಲ್ಲಿ ಟಿಬಿ ಕಲೆಯಂತೆ ಕಾಣುವುದೂ ಇದೇ ಸಾಲಿಗೆ ಸೇರಿದ್ದು.

ಇನ್ನೊಂದು ಬಲೆ ಕರೆಂಟಿನದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಬಿಟ್ಟ ಹೊತ್ತಿನಲ್ಲಿ ಲೈನ್ ವೋಲ್ಟೇಜ್ ಕುಸಿದರೆ, ಹಳೆಯ ಯಂತ್ರದಲ್ಲಿ ಪ್ಯಾನೆಲ್ 70 ಎಂದು ತೋರಿಸುತ್ತಿದ್ದರೂ ಟ್ಯೂಬಿಗೆ ಅಷ್ಟು ಸಿಗುವುದಿಲ್ಲ. ಕಡಿಮೆ ಕೆವಿಯ, ಕಡಿಮೆ ಎಕ್ಸ್‌ಪೋಷರಿನ ಫಿಲ್ಮಿನಲ್ಲಿ ಆರೋಗ್ಯದ ಮೂಳೆಯೂ ಬೆಳ್ಳಗೆ ಬಂದು ಫ್ಲೋರೋಸಿಸ್‌ನಂತೆ ಕಾಣುತ್ತದೆ. ಆ ಯಂತ್ರಗಳಲ್ಲಿ ಪ್ರತಿ ಎಕ್ಸ್‌ಪೋಷರಿಗೂ ಮೊದಲು ಲೈನ್ ಸೆಲೆಕ್ಟರ್ ತಿರುಗಿಸಿ ಮೀಟರಿನ ಮುಳ್ಳನ್ನು ಗುರುತಿಗೆ ತರಬೇಕು. ಬಹಳ ಕಡೆ ಆ ಮುಳ್ಳಿನ ಕಡೆ ಯಾರೂ ನೋಡುವುದೇ ಇಲ್ಲ. ಹೊಸ ಹೈ ಫ್ರೀಕ್ವೆನ್ಸಿ ಯಂತ್ರಗಳು ಇದನ್ನು ತಾವೇ ಸರಿಮಾಡಿಕೊಳ್ಳುತ್ತವೆ. ಡಿಜಿಟಲ್ ಬಂದಮೇಲೆ ತೊಂದರೆ ಬೇರೆ ರೂಪ ತಾಳಿದೆ. ಸಾಫ್ಟ್‌ವೇರ್ ಎಲ್ಲ ಚಿತ್ರವನ್ನೂ ಒಂದೇ ಹದಕ್ಕೆ ತಂದುಬಿಡುತ್ತದೆ, ಮೂಳೆ ನಿಜಕ್ಕೂ ಎಷ್ಟು ಬಿಳಿ ಎಂಬುದು ಪರದೆಯಲ್ಲಿ ತಿಳಿಯುವುದಿಲ್ಲ. ಹೆಚ್ಚು ಕಿರಣ ಹಾಯಿಸಿದರೂ ಚಿತ್ರ ಚೆನ್ನಾಗಿಯೇ ಬರುವುದರಿಂದ ಡೋಸ್ ಸದ್ದಿಲ್ಲದೆ ಏರುತ್ತಾ ಹೋಗುತ್ತದೆ. ಮೂಳೆಯ ಬಿಳುಪನ್ನು ನಂಬಿ ಫ್ಲೋರೋಸಿಸ್ ಎನ್ನಬಾರದು. ಪೊರೆಯ ಮುಳ್ಳು, ಸೊಂಟದ ರಜ್ಜುಗಳ ಸುಣ್ಣ ನೋಡಿ ಹೇಳಬೇಕು.

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಎರಡು ಶಕ್ತಿಯ ಎಕ್ಸ್‌ರೇ ಹಾಯಿಸಿ ಮಾಂಸವನ್ನು ಕಳೆದು ಮೂಳೆಯನ್ನು ಲೆಕ್ಕ ಹಾಕುತ್ತದೆ. ಜಾಣ ವಿಧಾನ, ಆದರೆ ಫ್ಲೋರೋಸಿಸ್‌ನಲ್ಲಿ ದಾರಿ ತಪ್ಪಿಸುತ್ತದೆ. ಬೆನ್ನಿನ ಟಿ-ಸ್ಕೋರ್ (ಸಾಂದ್ರತೆಗೆ ಯಂತ್ರ ಕೊಡುವ ಅಂಕ) ಮೇಲಿರುತ್ತದೆ, "ಮೂಳೆ ಗಟ್ಟಿಯಿದೆ" ಎಂಬ ಸಮಾಧಾನ ಸಿಗುತ್ತದೆ. ಯಂತ್ರ ಅಳೆದದ್ದು ಖನಿಜ ಎಷ್ಟಿದೆ ಎಂಬುದನ್ನು ಮಾತ್ರ. ಆ ಖನಿಜದ ಕಟ್ಟಡ ಕೆಟ್ಟಿದೆ, ಮುರಿಯುವ ಗುಣ ಹೆಚ್ಚಿದೆ.

ಕಾಲು ಜೋಮು, ನಡಿಗೆಯಲ್ಲಿ ಬಿಗಿತ ಇದ್ದರೆ ಪ್ರಶ್ನೆ ಮೂಳೆಯದಲ್ಲ, ಒಳಗಿನ ಬೆನ್ನುಹುರಿಯದು. ಅದನ್ನು ಎಕ್ಸ್‌ರೇ ಬೇರ್ಪಡಿಸಿ ತೋರಿಸಲಾರದು, ಹುರಿಗೂ ಸುತ್ತಲಿನ ದ್ರವಕ್ಕೂ ಹೀರಿಕೆಯಲ್ಲಿ ವ್ಯತ್ಯಾಸ ಅತ್ಯಲ್ಪ. ಇಲ್ಲಿ ರೋಹಿತದ ಇನ್ನೊಂದು ತುದಿಗೆ ಹೋಗಬೇಕು. 1.5 ಟೆಸ್ಲಾ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) ಕಾಂತದೊಳಗೆ ನೀರಿನ ಹೈಡ್ರೋಜನ್ ಪರಮಾಣುಬೀಜಗಳು 63.9 ಮೆಗಾಹರ್ಟ್ಸ್‌ನ ರೇಡಿಯೋ ಅಲೆಗೆ ಮಾತ್ರ ಓಗೊಡುತ್ತವೆ. ಭೌತವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ ಇದನ್ನು ತೋರಿಸಿದ್ದು 1946ರಲ್ಲೇ. ಚಿತ್ರಕ್ಕೆ ಮಾತ್ರ 1973ರವರೆಗೆ ಕಾಯಬೇಕಾಯಿತು, ಏಕೆಂದರೆ 4.7 ಮೀಟರಿನ ಅಲೆಯಿಂದ ಒಂದು ಮಿಲಿಮೀಟರಿನ ವಿವರ ಸಿಗುವುದಿಲ್ಲ. ರಸಾಯನವಿಜ್ಞಾನಿ ಲಾಟರ್‌ಬರ್ ಹುಡುಕಿದ ದಾರಿ: ಕಾಂತಕ್ಷೇತ್ರವನ್ನೇ ಜಾಗದಿಂದ ಜಾಗಕ್ಕೆ ಚೂರು ಚೂರು ಬದಲಿಸುವುದು. ಮೀಟರಿಗೆ 10 ಮಿಲಿಟೆಸ್ಲಾ ಇಳಿಜಾರು ಕೊಟ್ಟರೆ ಒಂದು ಸೆಂಟಿಮೀಟರ್ ಸರಿದಾಗ ಆವರ್ತನ 4.26 ಕಿಲೋಹರ್ಟ್ಸ್ ಬದಲಾಗುತ್ತದೆ. ಆವರ್ತನ ನೋಡಿದರೆ ಜಾಗ ಗೊತ್ತಾಗುತ್ತದೆ. ಅಲೆಯ ಉದ್ದದ ತೊಡಕು ಅಲ್ಲಿಗೆ ತಪ್ಪಿತು.

ಎಕ್ಸ್‌ರೇ ಕೋಣೆಗೆ ಸೀಸ, ಎಂಆರ್‌ಐ ಕೋಣೆಗೆ ತಾಮ್ರ. ಮೊದಲನೆಯದು ಒಳಗಿನದು ಹೊರಗೆ ಹೋಗದಿರಲಿ ಎಂದು, ಎರಡನೆಯದು ಮುಖ್ಯವಾಗಿ ಹೊರಗಿನದು ಒಳಗೆ ಬಾರದಿರಲಿ ಎಂದು. ಬಾಗಿಲಿನ ಅಂಚಿನ ತಾಮ್ರದ ಬೆರಳುಗಳಲ್ಲಿ ಒಂದೆರಡು ಮಡಚಿದರೂ, ಧೂಳು ಹಿಡಿದರೂ ಹೊರಗಿನ ರೇಡಿಯೋ ಗದ್ದಲ ನುಸುಳಿ ಚಿತ್ರದ ಉದ್ದಕ್ಕೂ ಚುಕ್ಕಿಗೆರೆ ಬೀಳುತ್ತದೆ. ಸ್ಕ್ಯಾನ್ ಕೋಣೆಯೊಳಗೆ ಯಾರೋ ಹಾಕಿದ ಅಗ್ಗದ ಎಲ್‌ಇಡಿ ಬಲ್ಬೂ ಇದೇ ಕೆಲಸ ಮಾಡುತ್ತದೆ. ಸರ್ವಿಸ್ ಎಂಜಿನಿಯರಿಗೆ ಫೋನ್ ಮಾಡುವ ಮೊದಲು ಇವೆರಡನ್ನೂ ನೋಡಿ. ಬೆಳ್ಳಿ ಕಾಲುಂಗುರವನ್ನು ಕಾಂತ ಎಳೆಯುವುದಿಲ್ಲ, ಆದರೆ ರೇಡಿಯೋ ಅಲೆಗೆ ಅದು ವಿದ್ಯುತ್ ಹರಿಯುವ ಸುತ್ತು, ಬಿಸಿಯಾಗುತ್ತದೆ. ಶಿಡ್ಲಘಟ್ಟದ ರೇಷ್ಮೆಯಿಂದ ಏನೂ ತೊಂದರೆಯಿಲ್ಲ, ಸೀರೆಯಂಚಿನ ಜರಿಯಿಂದ ಇದೆ. ಆಸ್ಪತ್ರೆಯ ಗೌನಿಗೆ ಬದಲಿಸಿಕೊಳ್ಳಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಎಂಆರ್‌ಐಯ ಕುರುಡು ಇಲ್ಲೇ ಇರುವುದು. ಗಟ್ಟಿ ಮೂಳೆಯಲ್ಲಿ ಓಗೊಡುವ ಹೈಡ್ರೋಜನ್ ಕಡಿಮೆ, ಇದ್ದದ್ದೂ ಒಂದು ಮಿಲಿಸೆಕೆಂಡಿನೊಳಗೆ ಮೌನವಾಗುತ್ತದೆ. ಸುಣ್ಣಗಟ್ಟಿದ ರಜ್ಜು ಚಿತ್ರದಲ್ಲಿ ಬರೀ ಕಪ್ಪು. ಹುರಿ ಒತ್ತಿಹೋಗಿರುವುದು ಸ್ಪಷ್ಟ, ಒತ್ತಿದ್ದು ಸುಣ್ಣವೋ ಬರೀ ದಪ್ಪಗಾದ ರಜ್ಜುವೋ ಸ್ಪಷ್ಟವಿಲ್ಲ. ಗ್ರೇಡಿಯೆಂಟ್ ಎಕೋ ಎಂಬ ಎಂಆರ್‌ಐ ಚಿತ್ರಸರಣಿಯಲ್ಲಂತೂ ಆ ಕಪ್ಪು ಉಬ್ಬಿ, ಕಿರಿದಾದದ್ದು ಇನ್ನಷ್ಟು ಕಿರಿದಾಗಿ ಕಾಣುತ್ತದೆ. ಅದನ್ನಷ್ಟೇ ನೋಡಿ ಆಪರೇಷನ್ ತೀರ್ಮಾನಿಸಬಾರದು. ಸರ್ಜನ್‌ಗೆ ಸುಣ್ಣದ ದಪ್ಪ ಬೇಕಾದಾಗ ಸಿಟಿಯೇ ಬೇಕು, ಮೂಳೆಯ ವಿಂಡೋ (ಪರದೆಯಲ್ಲಿ ಕಪ್ಪು-ಬಿಳುಪಿನ ಹದ) ಅಗಲ 2000, ಮಟ್ಟ 500ರ ಸುಮಾರಿಗೆ ಇಟ್ಟು. ಬೆನ್ನು ಬಾಗಿದವರು ಎಂಆರ್‌ಐ ಮೇಜಿನ ಮೇಲೆ ಇಪ್ಪತ್ತು ನಿಮಿಷ ಅಂಗಾತ ಮಲಗುವುದೂ ಕಷ್ಟ. ತಲೆಗೆ, ಮಂಡಿಯಡಿಗೆ ದಿಂಬು ಕೊಡದೆ ಶುರು ಮಾಡಿದರೆ ಮಧ್ಯದಲ್ಲೇ ಅಲುಗಾಡಿ ಎಲ್ಲ ಕೆಡುತ್ತದೆ.

ಕೊನೆಯದು ಗಾಮಾ, ಬೆಂಗಳೂರಿಗೆ ಹೋಗಿ ಮಾಡಿಸುವ ಬೋನ್ ಸ್ಕ್ಯಾನ್. ಇಲ್ಲಿ ಕಿರಣ ಬರುವುದು ರೋಗಿಯ ಮೂಳೆಯಿಂದಲೇ. ಟೆಕ್ನೀಷಿಯಂ-99ಎಂ ಎಂಬ ವಿಕಿರಣಶೀಲ ವಸ್ತು ಬೆರೆಸಿದ ಔಷಧಿ ಚುಚ್ಚಿ, ಸುಮಾರು ಮೂರು ಗಂಟೆ ಕಾದು, ನಡುವೆ ಚೆನ್ನಾಗಿ ನೀರು ಕುಡಿಸಿ ಮೂತ್ರ ಮಾಡಿಸಿ, 140 ಕೆಇವಿಯ ಗಾಮಾವನ್ನು ಎಣಿಸುತ್ತಾರೆ. ಫ್ಲೋರೋಸಿಸ್ ಮೂಳೆ ಔಷಧಿಯನ್ನೆಲ್ಲ ತಾನೇ ಎಳೆದುಕೊಂಡು ಅಸ್ಥಿಪಂಜರ ಪೂರ್ತಿ ಉರಿಯುವಂತೆ ಕಾಣಬಹುದು, ಮೂತ್ರಪಿಂಡ ಮಸುಕಾಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆಲ್ಲ ಹರಡಿದಾಗಲೂ ಇಂಥದೇ ಚಿತ್ರ ಬರುತ್ತದೆ. ಇದೇ ರೀತಿ ವಿಕಿರಣಶೀಲ ಔಷಧಿ ಚುಚ್ಚಿ ಮಾಡುವ ಪೆಟ್ ಸ್ಕ್ಯಾನಿನಲ್ಲಿ ಇನ್ನೂ ವಿಚಿತ್ರ: ಮೂಳೆ ಹುಡುಕಲು ಬಳಸುವ ಒಂದು ಔಷಧಿ ಸೋಡಿಯಂ ಫ್ಲೋರೈಡೇ, ಫ್ಲೋರಿನ್-18ರದ್ದು. ಅದೇ ಫ್ಲೋರೈಡ್, ಅದೇ ಮೂಳೆಯ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ಪ್ರಮಾಣ ಮಾತ್ರ ಒಂದು ಲೋಟ ಬೋರ್ ನೀರಿನಲ್ಲಿರುವುದಕ್ಕೂ ಲೆಕ್ಕವಿಲ್ಲದಷ್ಟು ಕಡಿಮೆ. ಫ್ಲೋರಿನ್-18ರ ಅರ್ಧಾಯುಷ್ಯ (ಅರ್ಧ ಪಾಲು ಕಳೆದುಹೋಗುವ ಕಾಲ) 110 ನಿಮಿಷ. ಪಾವಗಡದಿಂದ ಹೊರಟ ಬಸ್ಸು ಒಂದು ಗಂಟೆ ತಡವಾದರೆ ರೋಗಿಯ ಹೆಸರಿಗೆ ತೆಗೆದಿಟ್ಟ ಡೋಸಿನಲ್ಲಿ ಮೂರನೇ ಒಂದು ಪಾಲು ಆಗಲೇ ಮುಗಿದಿರುತ್ತದೆ, ಆದ್ದರಿಂದ ಹಿಂದಿನ ರಾತ್ರಿಯೇ ಹೋಗಿ ಉಳಿಯುವುದು ವಾಸಿ.

ಬೆಂಗಳೂರಿಗೆ ಕಳಿಸುವ ಚೀಟಿಯಲ್ಲಿ "ಬೆನ್ನು ನೋವು, ಬೋನ್ ಸ್ಕ್ಯಾನ್" ಎಂದಷ್ಟೇ ಬರೆದು ಕೈತೊಳೆದುಕೊಳ್ಳುವುದು ಬೇಡ. ಊರು ಯಾವುದು, ಎಷ್ಟು ವರ್ಷದಿಂದ ಬೋರ್ ನೀರು, ನೀರಿನ ಪರೀಕ್ಷೆ ಆಗಿದ್ದರೆ ಫ್ಲೋರೈಡ್ ಎಷ್ಟು ಎಂದು ಬರೆಯಿರಿ, ಮುಂಗೈಯ ಎಕ್ಸ್‌ರೇ ಫಿಲ್ಮನ್ನೂ ಜೊತೆಗೇ ಕೊಟ್ಟು ಕಳಿಸಿ.