ಪಹಣಿಯ 2-10, ಅಜ್ಜಿಯ ಹತ್ತು ಕೊಳಗ

ನಮ್ಮದು ತೀರ್ಥಹಳ್ಳಿ ಹತ್ತಿರದ ಊರು. ಈ ಸಲ ಮಳೆ ಹಿಡಿಯುವ ಮೊದಲು ಅಡಿಕೆ ಸಸಿಯ ಲೆಕ್ಕಕ್ಕೆ ಕೂತಿದ್ದೆ. ಪಹಣಿಯಲ್ಲಿ 2-10 ಎಂದಿತ್ತು. ಮೊಬೈಲಿನಲ್ಲಿ 2.10 ಎಂದು ಒತ್ತಿ ಗುಣಿಸಿದೆ. ನೆಡುವಾಗ 80 ಸಸಿ ಕಡಿಮೆ ಬಿತ್ತು.

ಪಹಣಿಯ 2-10 ಅಂದರೆ 2 ಎಕರೆ 10 ಗುಂಟೆ. ಎಕರೆಗೆ 40 ಗುಂಟೆ ಅಲ್ವಾ, ಹಾಗಾಗಿ ಅದು 2.25 ಎಕರೆ. ಆ ಒಂದು ಚುಕ್ಕಿಯಲ್ಲಿ 6 ಗುಂಟೆ ಹೋಯಿತು. 9 ಅಡಿ ಅಂತರಕ್ಕೆ ಗುಂಟೆಗೆ 13 ಚಿಲ್ಲರೆ ಸಸಿ ಬೇಕು. ಹೆಕ್ಟೇರ್ ಬೇಕಾದರೆ 2.25ನ್ನು 2.471ರಿಂದ ಭಾಗಿಸಿ, 0.91 ಬರುತ್ತದೆ.

ಗುಂಟೆಯ ಹಿಂದೆ ಸರ್ವೆಯವರ 33 ಅಡಿ ಸರಪಳಿ ಇದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ: 1,089 ಚದರ ಅಡಿ. ಒಂದು ಗುಂಟೆಗೆ 16 ಆಣೆ, ಹಳೇ ರೂಪಾಯಿಯ ಹಾಗೆ.

ಅಜ್ಜಿ ಎಕರೆ ಎಂದವರೇ ಅಲ್ಲ. ಮನೆ ಕೆಳಗಿನದು ಅವರಿಗೆ 'ಹತ್ತು ಕೊಳಗದ ಗದ್ದೆ', ಅಂದರೆ ಅಷ್ಟು ಬೀಜ ಹಿಡಿಯುವ ಜಾಗ. ಕೊಳಗ ಅಂದರೆ ಧಾನ್ಯ ಅಳೆಯುವ ಪಾತ್ರೆ. 20 ಕೊಳಗಕ್ಕೆ ಒಂದು ಖಂಡುಗ. ಇದನ್ನು ಗುಂಟೆಗೆ ತರಲು ಒಂದೇ ಸೂತ್ರ ಇಲ್ಲ. ಊರಿಂದ ಊರಿಗೆ ಕೊಳಗ ಬೇರೆ, ಬಿತ್ತುವ ರೀತಿಯೂ ಬೇರೆ. ನನಗೆ ಈ ಅಳತೆಯೇ ಜಾಸ್ತಿ ಇಷ್ಟ.

ಅಜ್ಜಿಯ ಕೊಳಗ ಇನ್ನೂ ಅಟ್ಟದ ಮೇಲಿದೆ, ಅಂಚು ಸವೆದಿದೆ. ಭಾನುವಾರ ಇಳಿಸಿ ಭತ್ತ ತುಂಬಿ ತೂಗುತ್ತೇನೆ.