ಬ್ಯಾಟರಿ ಸತ್ತ ಎಫ್‌ಐ ಬೈಕನ್ನು ತಳ್ಳುವ ಮುಂಚೆ

ನನ್ನ ಹಳೇ ಕಾರ್ಬುರೇಟರ್ ಬೈಕಿನಲ್ಲಿ ಬ್ಯಾಟರಿ ಪೂರ್ತಿ ಸತ್ತರೂ ಚಿಂತೆ ಇರಲಿಲ್ಲ. ಎರಡನೇ ಗೇರ್ ಹಾಕಿ, ಸ್ವಲ್ಪ ದೂರ ತಳ್ಳಿ ಕ್ಲಚ್ ಬಿಟ್ಟರೆ ಆಯ್ತು. ಈಗಿರುವ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್, ಅಂದರೆ ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ) ಬೈಕು ಹಾಗಲ್ಲ. ಇದರಲ್ಲಿ ಪೆಟ್ರೋಲು ತಾನಾಗಿ ಇಳಿದು ಬರುವುದಿಲ್ಲ. ಟ್ಯಾಂಕಿನೊಳಗಿನ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಅದನ್ನು ಕಳಿಸಬೇಕು, ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಹೇಳಿದಾಗ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ತೆರೆಯಬೇಕು. ಎಲ್ಲದಕ್ಕೂ ಕರೆಂಟ್ ಬೇಕು, ಅಲ್ವಾ?

ಹಾಗಾಗಿ ನಾನು ಮೊದಲು ಕಿವಿಗೊಟ್ಟು ಕೇಳುತ್ತೇನೆ. ಕೀ ತಿರುಗಿಸಿದಾಗ ಪಂಪು ಒಂದೆರಡು ಸೆಕೆಂಡ್ ‘ಗುಂಯ್’ ಅಂದಿತಾ? ಅಂದಿದ್ದರೆ, ಸೆಲ್ಫ್ ತಿರುಗದಿದ್ದರೂ ತಳ್ಳಿ ನೋಡಬಹುದು. ಸದ್ದೇ ಇಲ್ಲ, ಮೀಟರೂ ಬೆಳಗಲಿಲ್ಲ ಅಂದರೆ ಸುಮ್ನೆ ಬೆವರು ಸುರಿಸಬೇಡಿ.

ಆಗ ಜಂಪರ್ ಕೇಬಲ್ (ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ತರುವ ದಪ್ಪ ತಂತಿಗಳು) ತನ್ನಿ. ಎರಡೂ ಬ್ಯಾಟರಿ 12 ವೋಲ್ಟ್‌ನದ್ದೇ ಇರಬೇಕು. ಮೊದಲು ಕೆಂಪು ಕೇಬಲ್, ಪ್ಲಸ್‌ನಿಂದ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್ಲಿನ ಒಂದು ತುದಿ ಒಳ್ಳೆ ಬ್ಯಾಟರಿಯ ಮೈನಸ್‌ಗೆ; ಅದರ ಕೊನೆಯ ತುದಿಯನ್ನು ಸತ್ತ ಬ್ಯಾಟರಿಗಲ್ಲ, ನಿಮ್ಮ ಬೈಕಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಿ. ಕಾರಿನಿಂದ ಕರೆಂಟ್ ತೆಗೆದುಕೊಳ್ಳುವುದಾದರೆ ಕಾರಿನ ಎಂಜಿನ್ ಆಫ್ ಇರಲಿ.

ಇನ್ನೊಂದು ಮಾತು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ತಂತಿ ಬಿಚ್ಚಿ ಚಾರ್ಜಿಂಗ್ ಪರೀಕ್ಷೆ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ವೋಲ್ಟೇಜ್ ಥಟ್ಟನೆ ಏರಿ ಇಸಿಯು ಸುಟ್ಟುಹೋಗಬಹುದು, ಅದು ಬ್ಯಾಟರಿಗಿಂತ ಬಹಳ ಜಾಸ್ತಿ ದುಬಾರಿ.