ಇದು ಯಾರ ಪೈಕಿ?

ನಮ್ಮ ದೊಡ್ಡಪ್ಪ ಯಾರನ್ನೇ ನೋಡಲಿ, ಮೊದಲು ಕೇಳೋದು "ಯಾರ ಪೈಕಿ?" ಅಂತ. ಹೋದ ಭಾನುವಾರ ಒಂದು ಹುಳದ ಬಗ್ಗೆಯೂ ಕೇಳಿಬಿಟ್ಟ. ಆವತ್ತಿನಿಂದ ಆ ಮಾತು ತಲೆಯಲ್ಲೇ ಸುತ್ತುತ್ತಿದೆ.

ಅಕ್ಕನ ಮಗಳು ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಾಳೆ. ಪ್ರಾಜೆಕ್ಟಿಗೆ ಮರಳುನೊಣ ಬೇಕು, ಹಳೇ ಮಣ್ಣಿನ ಗೋಡೆಯ ಕೊಟ್ಟಿಗೆ ಇದ್ದರೆ ಒಳ್ಳೇದು ಅಂದಳು. ಗದಗಿನ ಹತ್ತಿರದ ನಮ್ಮೂರಿಗೆ ಟಂಟಂ ಮಾಡಿಕೊಂಡು ಹೋದೆವು. ಟಂಟಂ ಹುಡುಗ ಕಟ್ಟೆ ಮೇಲೆ ಕೂತ. ದೊಡ್ಡಪ್ಪ ಅವನಿಗೂ ಅದೇ ಪ್ರಶ್ನೆ ಹಾಕಿದ. "ಗದಗಿನವನ್ರೀ" ಅಂದ ಹುಡುಗ. "ಅದಲ್ಲೋ, ಯಾರ ಪೈಕಿ?" ಹುಡುಗ ಮೊಬೈಲ್ ನೋಡತೊಡಗಿದ. ಚಹಾ ಬಂತು. ನಮಗೆ ಕಪ್-ಬಸಿ, ಅವನಿಗೆ ಪ್ಲಾಸ್ಟಿಕ್ ಲೋಟ. ಹುಡುಗಿ ನೋಡಿದಳು, ಏನೂ ಅನ್ನಲಿಲ್ಲ.

ಕೊಟ್ಟಿಗೆಯಲ್ಲಿ ಟಾರ್ಚ್ ಹಿಡಿದು ಗೋದಲಿ ಹಿಂದಿನ ಗೋಡೆ ತೋರಿಸಿದಳು. ಮಣ್ಣಿನ ಬಣ್ಣದ್ದೇ ಹುಳ, ಎರಡು ಮೂರು ಮಿಲಿಮೀಟರ್ ಇರಬೇಕು. ಮೈತುಂಬಾ ಕೂದಲು, ರೆಕ್ಕೆ ಎರಡೂ ಮೇಲೆತ್ತಿ ಕೂತಿತ್ತು. ಗಾಜಿನ ನಳಿಕೆ ಹಿಡಿದು ಬಾಯಿಂದ ಎಳೆದಳು, ಹುಳ ಒಳಗೆ ಬಂತು. ಬಾಯಿಗೆ ಹೋಗದ ಹಾಗೆ ನಡುವೆ ಜಾಳಿಗೆ ಬಟ್ಟೆ ಇದೆಯಂತೆ, ಪುಣ್ಯ.

"ಇದು ಯಾರ ಪೈಕಿ ಬೇ ಯವ್ವಾ? ಗುಂಗಾಡ ಪೈಕಿ?"

"ಅಲ್ಲ ಅಜ್ಜಾ. ಬಚ್ಚಲ ಗೋಡೆ ಮ್ಯಾಲೆ ಬೂದಿ ಬಣ್ಣದ ಜುಬುರು ಹುಳ ಕೂಡ್ತದಲ್ಲ, ಅದರ ಪೈಕಿ."

ದೊಡ್ಡಪ್ಪನಿಗೆ ನಿರಾಸೆಯಾಯಿತು ಅನ್ಸುತ್ತೆ. ಆದರೆ ನಿಜ ಅದು. ಎರಡೂ ಸೈಕೋಡಿಡೇ ಕುಟುಂಬದವು. ಗುಂಗಾಡ, ಅಂದರೆ ಸೊಳ್ಳೆ, ದೂರದ ನೆಂಟ ಅಷ್ಟೇ. ಸೊಳ್ಳೆಗೆ ನೀರು ಬೇಕು, ಇದರ ಮರಿಗಳು ಸೆಗಣಿ, ಕಸ ಸೇರಿದ ಹಸಿ ಮಣ್ಣಿನಲ್ಲಿ ಬೆಳೆಯುತ್ತವೆ. ನಿಂತ ನೀರು ಚೆಲ್ಲಿ ಅಂತ ಸಾರಿದರೆ ಇದಕ್ಕೇನೂ ಆಗಲ್ಲ. ಪೈಕಿ ಗೊತ್ತಿಲ್ಲದೆ ಮದ್ದು ಮಾಡಿದರೆ ಹೀಗೇ.

ಇನ್ನೂ ಒಳಗೆ ಹೋದರೆ ಮಜಾ ಜಾಸ್ತಿ. ನಮ್ಮ ದೇಶದಲ್ಲಿ ಮುಖ್ಯವಾಗಿ ಎರಡು ಬಣ: ಫ್ಲೆಬೊಟೊಮಸ್, ಸರ್ಜೆಂಟೋಮಿಯಾ. ಬಿಹಾರದ ಕಡೆ ಕಾಲಾ ಆಜಾರ್ ಅನ್ನೋ ಜ್ವರ ಹರಡುವ ಅರ್ಜೆಂಟಿಪೆಸ್ ಮೊದಲನೆಯ ಬಣದ್ದು. ಎರಡನೆಯದರಲ್ಲಿ ಹೆಚ್ಚಿನವು ಹಲ್ಲಿಯಂಥ ಪ್ರಾಣಿಗಳ ರಕ್ತ ಹೀರುತ್ತವೆ. ಬರಿಗಣ್ಣಿಗೆ ಎರಡೂ ಒಂದೇ. ತಲೆ ಕತ್ತರಿಸಿ, ಪೊಟ್ಯಾಶ್ ದ್ರಾವಣದಲ್ಲಿ ಪಾರದರ್ಶಕ ಮಾಡಿ, ಬಾಯೊಳಗೆ ಹಲ್ಲಿನ ಸಾಲು ಇದೆಯಾ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ಚೆನ್ನಾಗಿ ಕಂಡರೆ ಸರ್ಜೆಂಟೋಮಿಯಾ. ಅರ್ಜೆಂಟಿಪೆಸ್ ಅನ್ನೋದೂ ಒಂದೇ ಜಾತಿ ಅಲ್ಲವಂತೆ. ಮೀಸೆ ಮೇಲಿನ ಸಣ್ಣ ಮುಳ್ಳಿನ ಉದ್ದ ಅಳೆದು, ಡಿಎನ್‌ಎ ಓದಿ ಬೇರೆ ಮಾಡುತ್ತಾರೆ.

"ಮಾರಿ ನೋಡಿ ಹೇಳಾಕ ಬರಂಗಿಲ್ಲ ಅಜ್ಜಾ" ಅಂದಳು. ದೊಡ್ಡಪ್ಪನನ್ನು ನೋಡಲಿಲ್ಲ, ಕಟ್ಟೆ ಕಡೆ ನೋಡಿದಳು. ಅವಳು ಬೇಕಂತಲೇ ಹಾಗೆ ನೋಡಿದಳಾ? ಇರಬಹುದು. ನನಗಂತೂ ಅದೇ ನೋಟ ಕಾಣುತ್ತಲೇ ಇದೆ. ನೊಣದ ಪೈಕಿ ಕೇಳಿದರೆ ಅದು ಯಾರನ್ನು ಕಚ್ಚುತ್ತೆ, ಯಾವ ರೋಗ ತರಬಹುದು ಅಂತ ತಿಳಿಯುತ್ತದೆ. ಆ ಹುಡುಗನ ಪೈಕಿ ಕೇಳಿ ದೊಡ್ಡಪ್ಪ ಏನು ತಿಳ್ಕೊಂಡ? ಯಾವ ಲೋಟದಲ್ಲಿ ಚಹಾ ಕೊಡಬೇಕು ಅನ್ನೋದಷ್ಟೇ. ದೊಡ್ಡಪ್ಪ ಕೆಟ್ಟವನಲ್ಲ. ಅದೇ ಹುಡುಗನ ಗಾಡಿ ಪಂಕ್ಚರ್ ಆಗಿದ್ದರೆ ಬಿಸಿಲಲ್ಲಿ ತಾನೇ ಜ್ಯಾಕ್ ಹಿಡಿಯುತ್ತಿದ್ದ. ಅದೇ ನನಗೆ ಬಗೆಹರಿಯದ್ದು.

ನೊಣದ ವಿಷಯದಲ್ಲೂ ಪೈಕಿ ಪೂರ್ತಿ ಜಾತಕ ಹೇಳಲ್ಲ. 1965ರಲ್ಲಿ ನಾಗಪುರದ ಹತ್ತಿರ ಚಾಂದೀಪುರ ಅನ್ನೋ ಊರಲ್ಲಿ ಮರಳುನೊಣ ಹರಡುವ ಒಂದು ವೈರಸ್ ಸಿಕ್ಕಿತು. 2003ರಲ್ಲಿ ಆಂಧ್ರದಲ್ಲಿ, 2024ರಲ್ಲಿ ಗುಜರಾತಿನಲ್ಲಿ ಮಕ್ಕಳನ್ನು ಕಾಡಿದ್ದು ಅದೇ. ಕರೀಂನಗರದ ಸರ್ಜೆಂಟೋಮಿಯಾದಲ್ಲೂ ಅದು ಕಂಡಿದೆ. ಹಲ್ಲಿ ಕಚ್ಚೋ ನೊಣ, ನಮಗೇನು ಅಂತ ಕೂರೋ ಹಾಗಿಲ್ಲ.

ಮೊನ್ನೆ ಫೋನ್ ಮಾಡಿದ್ದಳು. ಸ್ಲೈಡಿನಲ್ಲಿ ಬಹಳಷ್ಟು ಸರ್ಜೆಂಟೋಮಿಯಾ, ಕೆಲವು ಮಾತ್ರ ಬೇರೆ, ಅವುಗಳ ಡಿಎನ್‌ಎ ನೋಡಬೇಕಂತೆ. ಮುಂದಿನ ವಾರ ಮತ್ತೆ ಕೊಟ್ಟಿಗೆಗೆ ಹೋಗಬೇಕು, ಅದೇ ಟಂಟಂ ಹೇಳಿಡು ಅಂದಳು. ಹುಡುಗನಿಗೆ ಫೋನ್ ಮಾಡಿದೆ. ಆ ದಿನ ಬಾಡಿಗೆ ಇದೆ, ಬರೋಕಾಗಲ್ಲ ಅಂದ.